ಇಲಿಯಲ್ಲೋ, ಮನುಷ್ಯರಲ್ಲೋ? ಕನ್ನಡ ಪತ್ರಿಕೆಗಳ ಸಂಪಾದಕರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಪಾದಕರೇ,

ಕನ್ನಡ ಪತ್ರಿಕೆಗಳಲ್ಲಿ, ವಾಹಿನಿಗಳಲ್ಲಿ ವಿಜ್ಞಾನದ ಸುದ್ದಿ ಇನ್ನೂ ಹೆಚ್ಚು ಬರಬೇಕೆಂದು ಬಯಸುವವರಲ್ಲಿ ನಾನೂ ಒಬ್ಬಳು. ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಪಠ್ಯಪುಸ್ತಕದ ಆಚೆಗಿನ ವಿಜ್ಞಾನ ಅವರ ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ನಿಮ್ಮ ಪುಟಗಳಲ್ಲೇ. ಆ ಋಣವನ್ನು ನೆನೆದೇ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಬೇಡಿಕೆ ಒಂದೇ. ರೋಗ, ಔಷಧ, ಬ್ಯಾಟರಿ, ಖನಿಜ ಯಾವುದರ ಸಂಶೋಧನೆಯ ಸುದ್ದಿಯನ್ನೇ ಪ್ರಕಟಿಸಿ, ಆ ಸಂಶೋಧನೆ ಈಗ ಯಾವ ಹಂತದಲ್ಲಿದೆ ಎಂಬುದನ್ನು ಮೊದಲ ಪ್ಯಾರಾದಲ್ಲೇ ಹೇಳಿ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಕಂಡದ್ದೇ, ಇಲಿಯಲ್ಲಿ ಕಂಡದ್ದೇ, ಮನುಷ್ಯರಲ್ಲಾದರೆ ಎಷ್ಟು ಜನರಲ್ಲಿ, ಎಷ್ಟು ಕಾಲ ನೋಡಿದ್ದು? ಬ್ಯಾಟರಿಯಾದರೆ, ಪ್ರಯೋಗಾಲಯದ ಮೇಜಿನ ಮೇಲಿನ ಪುಟ್ಟ ಸೆಲ್ಲೇ, ಕಾರ್ಖಾನೆಯಿಂದ ಹೊರಬಂದ ಬ್ಯಾಟರಿಯೇ? ಇಷ್ಟು ಹೇಳಲು ಎರಡು ಸಾಲು ಸಾಕು. ಆ ಎರಡು ಸಾಲು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಮಾತ್ರ ಸ್ವಲ್ಪ ವಿವರವಾಗಿ ಬರೆಯಬೇಕಾಗಿದೆ.

ನಮ್ಮ ಅಕ್ಕನ ಮಗಳಿಗೆ ಟೈಪ್–1 ಮಧುಮೇಹವಿದೆ. ದೊಡ್ಡವರಲ್ಲಿ ನಾವು ಹೆಚ್ಚಾಗಿ ಕಾಣುವ ಸಕ್ಕರೆ ಕಾಯಿಲೆಗೂ ಇದಕ್ಕೂ ಹೆಸರು ಒಂದೇ ಆದರೂ ಹುಟ್ಟು ಬೇರೆ. ಸೋಂಕಿನಿಂದ ದೇಹವನ್ನು ಕಾಯಬೇಕಾದ ಟಿ ಕೋಶಗಳೇ ಮೇದೋಜೀರಕ ಗ್ರಂಥಿಯಲ್ಲಿರುವ ಬೀಟಾ ಕೋಶಗಳನ್ನು ಪರಕೀಯವೆಂದು ತಪ್ಪು ತಿಳಿದು ಕೊಂದುಹಾಕುತ್ತವೆ. ಬೀಟಾ ಕೋಶಗಳು ಹೋದರೆ ದೇಹದಲ್ಲಿ ಇನ್ಸುಲಿನ್ ತಯಾರಾಗುವುದಿಲ್ಲ. 1922ರ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚುವವರೆಗೆ ಈ ಕಾಯಿಲೆ ತಗುಲಿದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಇಂದಿಗೂ ಇನ್ಸುಲಿನ್ ನಿಂತರೆ ಕೆಲವೇ ದಿನಗಳಲ್ಲಿ ರಕ್ತ ಆಮ್ಲೀಯವಾಗುತ್ತದೆ, ಪ್ರಾಣಕ್ಕೆ ಕುತ್ತು ಬರುತ್ತದೆ.

2025ರ ಜೂನ್‌ನಲ್ಲಿ ಟೈಪ್–1 ಮಧುಮೇಹಕ್ಕೆ ಇನ್ನು ಇನ್ಸುಲಿನ್ ಬೇಕಿಲ್ಲ ಎಂಬ ಅರ್ಥದ ಸುದ್ದಿಯೊಂದು ನಮ್ಮ ನೆಂಟರಿಷ್ಟರ ವಾಟ್ಸ್ಆ್ಯಪ್ ಗುಂಪುಗಳಲ್ಲೆಲ್ಲ ಹರಿದಾಡಿತು. ಪತ್ರಿಕೆಯ ತುಣುಕಿನ ಫೋಟೊ ಅದು. ಯಾವ ಪತ್ರಿಕೆ ಎಂಬುದು ಇಲ್ಲಿ ಮುಖ್ಯವಲ್ಲ. ಊರಿನಲ್ಲಿರುವ ಅಜ್ಜಿ ಫೋನ್ ಮಾಡಿ, "ಔಷಧಿ ಬಂದಿದೆಯಂತಲ್ಲ, ಇನ್ನೂ ಯಾಕೆ ಮಗುವಿಗೆ ದಿನಾ ಚುಚ್ಚುತ್ತೀರಿ?" ಎಂದು ಅಕ್ಕನನ್ನು ಗದರಿದರು. ಹುಡುಗಿ ನನ್ನನ್ನು ಕೇಳಿದ್ದು ಒಂದೇ ಮಾತು: "ಚಿಕ್ಕಮ್ಮ, ನನಗೆ ಯಾವಾಗ ಕೊಡುತ್ತಾರೆ?" ನಾನು ಮೂಲ ಸಂಶೋಧನಾ ಲೇಖನವನ್ನು ಹುಡುಕಿ ಓದಿದೆ. ಸುದ್ದಿ ಸುಳ್ಳಾಗಿರಲಿಲ್ಲ. ಅದರಲ್ಲಿ ಬಿಟ್ಟುಹೋದ ಸಂಗತಿಗಳೇ ನಮ್ಮ ಮನೆಯನ್ನು ಒಂದು ವಾರ ಅಲ್ಲಾಡಿಸಿದವು.

ಆ ಅಧ್ಯಯನದಲ್ಲಿ ಆಗಿದ್ದು ಇಷ್ಟು. ವರ್ಟೆಕ್ಸ್ ಎಂಬ ಅಮೆರಿಕದ ಕಂಪನಿ ಕಾಂಡಕೋಶಗಳಿಂದ (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶಗಳಿಂದ) ಇನ್ಸುಲಿನ್ ಸ್ರವಿಸುವ ಕೋಶಗುಚ್ಛಗಳನ್ನು ಬೆಳೆಸಿ, ಯಕೃತ್ತಿಗೆ ಹೋಗುವ ರಕ್ತನಾಳದ ಮೂಲಕ ರೋಗಿಗಳಿಗೆ ಸೇರಿಸಿತು. ಜಿಮಿಸ್ಲೆಸೆಲ್ ಎಂದು ಅದರ ಹೆಸರು. ಪೂರ್ಣ ಪ್ರಮಾಣ ಪಡೆದವರು 12 ಮಂದಿ ವಯಸ್ಕರು. ಒಂದು ವರ್ಷದ ಬಳಿಕ ಅವರಲ್ಲಿ 10 ಮಂದಿಗೆ ಹೊರಗಿನ ಇನ್ಸುಲಿನ್ ಬೇಕಾಗಲಿಲ್ಲ. ನಿಜಕ್ಕೂ ದೊಡ್ಡ ಸಾಧನೆ, ಓದುವಾಗ ನನ್ನ ಕಣ್ಣೂ ತುಂಬಿತು. ಆದರೆ ಅವರೆಲ್ಲರೂ ಸಕ್ಕರೆಯ ಮಟ್ಟ ಏಕಾಏಕಿ ಕುಸಿದು ಪ್ರಜ್ಞೆ ತಪ್ಪುವಂಥ ತೀವ್ರ ತೊಂದರೆಯಿದ್ದವರು. ಹೊಸ ಕೋಶಗಳನ್ನು ದೇಹ ತಿರಸ್ಕರಿಸದಂತೆ ಪ್ರತಿರಕ್ಷೆಯನ್ನು ತಗ್ಗಿಸುವ ಔಷಧಗಳನ್ನು ಅವರು ನಿರಂತರ ತೆಗೆದುಕೊಳ್ಳಬೇಕು. ಹಾಗೆ ತೆಗೆದುಕೊಂಡಾಗ ಸಾಮಾನ್ಯ ಸೋಂಕೂ ಮಾರಕವಾಗಬಹುದು. ಪ್ರಯೋಗದಲ್ಲಿ ಪಾಲ್ಗೊಂಡವರಲ್ಲಿ ಇಬ್ಬರು ತೀರಿಕೊಂಡರು. ಅವರಲ್ಲಿ ಒಬ್ಬರ ಸಾವಿಗೆ ಕಾರಣ ಶಿಲೀಂಧ್ರದಿಂದ ಬಂದ ಮೆದುಳುಪೊರೆಯ ಸೋಂಕು. ಇನ್ಸುಲಿನ್ ಚುಚ್ಚಿಕೊಂಡು ಶಾಲೆಗೆ ಹೋಗಿ ಕಬಡ್ಡಿ ಆಡುವ ಹುಡುಗಿಗೆ ಇಂದು ಯಾವ ವೈದ್ಯರೂ ಇದನ್ನು ಕೊಡಲಾರರು. "ಹನ್ನೆರಡು ವಯಸ್ಕರಲ್ಲಿ, ಒಂದು ವರ್ಷ ಕಾಲ, ಪ್ರತಿರಕ್ಷೆ ತಗ್ಗಿಸುವ ಔಷಧದ ಜೊತೆಗೆ" ಎಂಬ ಒಂದು ಸಾಲು ಆ ಸುದ್ದಿಯಲ್ಲಿದ್ದಿದ್ದರೆ ಅಜ್ಜಿಗೂ ಅರ್ಥವಾಗುತ್ತಿತ್ತು. ನಮ್ಮ ಓದುಗರು ದಡ್ಡರಲ್ಲ.

ಇಲ್ಲಿ ಕಾನೂನಿನ ಒಂದು ಸಂಗತಿಯನ್ನು ನೆನಪಿಸಬೇಕು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯ ಪಟ್ಟಿಯಲ್ಲಿ ಮಧುಮೇಹವೂ ಇದೆ, ಕ್ಯಾನ್ಸರೂ ಇದೆ. ಮಧುಮೇಹವನ್ನು ಗುಣಪಡಿಸುತ್ತೇವೆ ಎಂದು ಯಾರಾದರೂ ನಿಮ್ಮ ಪತ್ರಿಕೆಗೆ ಜಾಹೀರಾತು ಕೊಟ್ಟರೆ ಅದನ್ನು ಪ್ರಕಟಿಸುವುದು ಅಪರಾಧ. ಅದೇ ಮಾತು ಸುದ್ದಿಯ ರೂಪದಲ್ಲಿ ಬಂದರೆ ತಡೆಯುವವರಿಲ್ಲ. ತಡೆಯಬೇಕೆಂದು ನಾನು ಕೇಳುತ್ತಿಲ್ಲ, ಸುದ್ದಿಯ ಮೇಲೆ ಕಾನೂನಿನ ಕತ್ತಿ ತೂಗುವುದು ನನಗೂ ಬೇಡ. ಆದರೆ ಜಾಹೀರಾತಿಗಿಂತ ಸುದ್ದಿಯನ್ನು ಓದುಗ ಹೆಚ್ಚು ನಂಬುತ್ತಾನೆ. ಆ ನಂಬಿಕೆಯ ಭಾರ ತಲೆಬರಹ ಬರೆಯುವವರ ಮೇಲೆಯೇ ಇದೆ.

"ಇಲಿಯಲ್ಲಿ" ಎಂದು ಸೇರಿಸಿದರೆ ಸುದ್ದಿ ಸಪ್ಪೆಯಾಗುತ್ತದೆ, ಯಾರೂ ಓದುವುದಿಲ್ಲ ಎಂದು ಪತ್ರಿಕೆಯಲ್ಲಿ ಕೆಲಸ ಮಾಡುವ ಹಳೆಯ ವಿದ್ಯಾರ್ಥಿಯೊಬ್ಬ ನನಗೆ ಹೇಳಿದ. ಈ ಮಾತನ್ನು ನಾನು ಒಪ್ಪುವುದಿಲ್ಲ. 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯ ಕಥೆಯನ್ನೇ ನೋಡಿ. ಅದು ಮೊದಲಿನಿಂದ ಕೊನೆಯವರೆಗೆ ಇಲಿಗಳ ಕಥೆ, ಅಷ್ಟೇ ರೋಚಕವಾದ ಕಥೆ. ಜಪಾನಿನ ಶಿಮೊನ್ ಸಕಾಗುಚಿ ಅವರನ್ನು ಕಾಡಿದ ಪ್ರಶ್ನೆ ಇದು: ಹುಟ್ಟಿ ಮೂರು ದಿನವಾದ ಇಲಿಮರಿಯ ಥೈಮಸ್ ಗ್ರಂಥಿಯನ್ನು, ಅಂದರೆ ಟಿ ಕೋಶಗಳು ಪಕ್ವವಾಗುವ ಜಾಗವನ್ನು, ತೆಗೆದುಹಾಕಿದರೆ ಅದರ ಪ್ರತಿರಕ್ಷೆ ದುರ್ಬಲವಾಗಬೇಕಿತ್ತು. ಬದಲಾಗಿ ಅದು ಕೆರಳಿ ಸ್ವಂತ ದೇಹದ ಮೇಲೆಯೇ ಏಕೆ ಎರಗುತ್ತದೆ? ಆರೋಗ್ಯವಂತ ಇಲಿಯ ಟಿ ಕೋಶಗಳನ್ನು ಚುಚ್ಚಿದಾಗ ಆ ರೋಗ ಬರಲಿಲ್ಲ. ಹಾಗಾದರೆ ಟಿ ಕೋಶಗಳಲ್ಲಿ ದಾಳಿ ಮಾಡುವವು ಮಾತ್ರವಲ್ಲದೆ, ದಾಳಿಯನ್ನು ತಡೆಯುವವೂ ಇರಬೇಕು. 1995ರಲ್ಲಿ ಅವರು ಆ ಕೋಶಗಳನ್ನು ಗುರುತಿಸಿ ತೋರಿಸಿದರು. ಇಂದು ಅವುಗಳನ್ನು ನಿಯಂತ್ರಕ ಟಿ ಕೋಶಗಳು ಎನ್ನುತ್ತಾರೆ.

ಇತ್ತ ಅಮೆರಿಕದಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರ್‍ಯಾಮ್ಸ್‌ಡೆಲ್ ಇನ್ನೊಂದು ಇಲಿಯ ಬೆನ್ನು ಹತ್ತಿದ್ದರು. ಟೆನೆಸಿಯ ಓಕ್ ರಿಜ್ ಪ್ರಯೋಗಾಲಯದಲ್ಲಿ 1940ರ ದಶಕದಲ್ಲಿ ತಾನಾಗಿ ಹುಟ್ಟಿದ ತಳಿ ಅದು. ಅದರ ಗಂಡುಮರಿಗಳ ಚರ್ಮ ಹೊಪ್ಪಳೆಗಟ್ಟುತ್ತಿತ್ತು, ಕೆಲವೇ ವಾರಗಳಲ್ಲಿ ಅವು ಸಾಯುತ್ತಿದ್ದವು. ದೋಷವಿದ್ದದ್ದು ಎಕ್ಸ್ ವರ್ಣತಂತುವಿನಲ್ಲಿ. ಇಡೀ ವರ್ಣತಂತುವನ್ನು ಜಾಲಾಡಿ, ಶಂಕಿತ ಜೀನುಗಳ ಸಂಖ್ಯೆಯನ್ನು ಇಪ್ಪತ್ತಕ್ಕೆ ಇಳಿಸಿ, ಒಂದೊಂದಾಗಿ ಪರೀಕ್ಷಿಸುತ್ತ ಹೋದರೆ ತಪ್ಪಿತಸ್ಥ ಸಿಕ್ಕಿದ್ದು ಇಪ್ಪತ್ತನೆಯದರಲ್ಲಿ! ಫಾಕ್ಸ್‌ಪಿ3 ಎಂದು ಅದಕ್ಕೆ ಹೆಸರಾಯಿತು. ಮನುಷ್ಯರಲ್ಲಿ ಅದೇ ಜೀನು ಕೆಟ್ಟರೆ ಐಪೆಕ್ಸ್ ಎಂಬ ಅಪರೂಪದ, ಮಕ್ಕಳನ್ನು ಬಲಿ ತೆಗೆದುಕೊಳ್ಳುವ ರೋಗ ಬರುತ್ತದೆ ಎಂಬುದು 2001ರಲ್ಲಿ ಗೊತ್ತಾಯಿತು. ನಿಯಂತ್ರಕ ಟಿ ಕೋಶಗಳ ಬೆಳವಣಿಗೆಗೆ ಈ ಜೀನೇ ಕೀಲಿ ಎಂಬುದು ಮತ್ತೆರಡು ವರ್ಷಗಳಲ್ಲಿ ಸ್ಪಷ್ಟವಾಯಿತು. ಇದನ್ನು ತರಗತಿಯಲ್ಲಿ ಹೇಳುವಾಗ ಹಿಂದಿನ ಬೆಂಚಿನವರೂ ಕಿವಿಗೊಡುತ್ತಾರೆ. ಓದುಗರಿಗೆ ರೋಚಕತೆ ಬೇಕಾದರೆ ಅದು ಇಂಥ ಹುಡುಕಾಟದಲ್ಲೇ ಇದೆ. ಇಲಿಯನ್ನು ಮುಚ್ಚಿಟ್ಟು ಅದನ್ನು ಸೃಷ್ಟಿಸಬೇಕಾಗಿಲ್ಲ.

ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲಿ ಹಾಗೆಯೇ ಕಾಣುತ್ತದೆ ಎಂದು ಹೇಳಲು ಏಕೆ ಆಗುವುದಿಲ್ಲ ಎಂಬುದಕ್ಕೂ ಇದೇ ನಿಯಂತ್ರಕ ಕೋಶಗಳ ಚರಿತ್ರೆಯಲ್ಲಿ ಉತ್ತರವಿದೆ. ಈ ಕೋಶಗಳ ಸಂಖ್ಯೆಯನ್ನು ಹೆಚ್ಚಿಸಿದರೆ ಸ್ವಯಂ ಪ್ರತಿರಕ್ಷಾ ರೋಗಗಳನ್ನು, ಅಂದರೆ ಪ್ರತಿರಕ್ಷೆ ಸ್ವಂತ ದೇಹದ ಮೇಲೆಯೇ ಎರಗುವ ರೋಗಗಳನ್ನು, ಶಮನ ಮಾಡಬಹುದಲ್ಲವೇ? ಜರ್ಮನಿಯ ಸಣ್ಣ ಕಂಪನಿಯೊಂದು ಟಿಜಿಎನ್1412 ಎಂಬ ಪ್ರತಿಕಾಯವನ್ನು ತಯಾರಿಸಿತು. ಟಿ ಕೋಶಗಳ ಮೇಲಿರುವ ಸಿಡಿ28 ಎಂಬ ಗ್ರಾಹಕಕ್ಕೆ ಅಂಟಿಕೊಂಡು ಅವುಗಳನ್ನು ಪ್ರಚೋದಿಸುವ ಔಷಧ ಅದು. ಅದೇ ಬಗೆಯ ಪ್ರತಿಕಾಯ ಹೆಗ್ಗಣಗಳಲ್ಲಿ ನಿಯಂತ್ರಕ ಕೋಶಗಳನ್ನು ವೃದ್ಧಿಸಿ ಉರಿಯೂತವನ್ನು ತಗ್ಗಿಸಿತ್ತು. ಮಂಗಗಳಿಗೆ ಕೊಟ್ಟಾಗಲೂ ತೊಂದರೆ ಕಾಣಲಿಲ್ಲ. 2006ರ ಮಾರ್ಚ್ 13ರಂದು ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿ ಆರು ಮಂದಿ ಆರೋಗ್ಯವಂತ ಯುವಕರಿಗೆ ಅದನ್ನು ಕೊಟ್ಟರು. ಮಂಗಗಳಿಗೆ ಕೊಟ್ಟ ಸುರಕ್ಷಿತ ಪ್ರಮಾಣದ ಐನೂರರಲ್ಲಿ ಒಂದು ಪಾಲು ಮಾತ್ರ. ಒಂದೂವರೆ ಗಂಟೆಯೊಳಗೆ ತಲೆನೋವು, ಚಳಿ, ವಾಂತಿ ಶುರುವಾದವು. ಮರುದಿನದ ಹೊತ್ತಿಗೆ ಆರೂ ಮಂದಿ ತೀವ್ರ ನಿಗಾ ಘಟಕದಲ್ಲಿದ್ದರು. ಶ್ವಾಸಕೋಶ, ಮೂತ್ರಪಿಂಡಗಳು ಕೈಕೊಟ್ಟಿದ್ದವು. ಎಲ್ಲರೂ ಬದುಕಿದರು, ಆದರೆ ಒಬ್ಬ ಯುವಕ ಕೈಕಾಲು ಬೆರಳುಗಳನ್ನು ಕಳೆದುಕೊಂಡ.

ಕಾರಣ ಆಮೇಲೆ ತಿಳಿಯಿತು. ಹಿಂದೆ ಸೋಂಕುಗಳನ್ನು ಎದುರಿಸಿ ಅದರ ನೆನಪಿಟ್ಟುಕೊಂಡಿರುವ ಒಂದು ಬಗೆಯ ಟಿ ಕೋಶಗಳ ಮೇಲೆ ಮನುಷ್ಯರಲ್ಲಿ ಸಿಡಿ28 ಇರುತ್ತದೆ. ಪ್ರಯೋಗಕ್ಕೆ ಬಳಸಿದ ಮಂಗಗಳ ಅಂಥ ಕೋಶಗಳ ಮೇಲೆ ಅದು ಇರುವುದಿಲ್ಲ. ಔಷಧ ತಗುಲಿದ ಕೂಡಲೇ ಮನುಷ್ಯರ ಈ ಕೋಶಗಳೆಲ್ಲ ಒಮ್ಮೆಲೇ ಕೆರಳಿ ರಕ್ತಕ್ಕೆ ಉರಿಯೂತ ಎಬ್ಬಿಸುವ ಸೈಟೊಕೈನ್ ಎಂಬ ಸಂದೇಶವಾಹಕ ಪ್ರೋಟೀನುಗಳನ್ನು ಸುರಿದವು. ಕೋವಿಡ್ ಕಾಲದಲ್ಲಿ ನಿಮ್ಮ ಪತ್ರಿಕೆಗಳೇ ಕನ್ನಡಿಗರಿಗೆಲ್ಲ ಪರಿಚಯಿಸಿದ "ಸೈಟೊಕೈನ್ ಬಿರುಗಾಳಿ" ಅದು. ಶಮನಕ್ಕೆಂದು ಕೊಟ್ಟ ಔಷಧವೇ ಬಿರುಗಾಳಿ ಎಬ್ಬಿಸಿತ್ತು. ಹೆಗ್ಗಣದಿಂದ ಮಂಗಕ್ಕೆ, ಮಂಗದಿಂದ ಮನುಷ್ಯನಿಗೆ ಹೋಗುವ ಆ ಮೆಟ್ಟಿಲುಗಳನ್ನು ವಿಜ್ಞಾನಿಗಳು ಸಂಪ್ರದಾಯಕ್ಕಾಗಿ ಇಟ್ಟುಕೊಂಡಿಲ್ಲ. ಪ್ರತಿ ಮೆಟ್ಟಿಲಲ್ಲೂ ಉತ್ತರ ತಿರುವುಮುರುವಾಗಬಹುದು. ಸುದ್ದಿಯಲ್ಲಿ ಮೆಟ್ಟಿಲಿನ ಹೆಸರನ್ನು ಬಿಟ್ಟರೆ ಸಂಶೋಧನೆಯ ಅರ್ಧ ಭಾಗವನ್ನೇ ಬಿಟ್ಟಂತೆ.

ಇಲಿಯ ಫಲಿತಾಂಶಗಳೆಲ್ಲ ವ್ಯರ್ಥವೆಂದು ಇದರ ಅರ್ಥವಲ್ಲ. ಟೈಪ್–1 ಮಧುಮೇಹದ ಅಧ್ಯಯನಕ್ಕೆಂದೇ ಬಳಸುವ ಇಲಿಯ ತಳಿಯೊಂದಿದೆ. ಆ ಇಲಿಗಳಲ್ಲಿ ಕಾಯಿಲೆಯನ್ನು ತಡೆದ ಉಪಾಯಗಳು ನೂರಕ್ಕೂ ಹೆಚ್ಚು. ಮನುಷ್ಯರಲ್ಲಿ ಉಳಿದು ನಿಂತವು ಬೆರಳೆಣಿಕೆಯಷ್ಟು. ಅವುಗಳಲ್ಲೊಂದು, ಟಿ ಕೋಶಗಳ ಸಿಡಿ3 ಎಂಬ ಭಾಗಕ್ಕೆ ಅಂಟುವ ಪ್ರತಿಕಾಯ. 1994ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಅದನ್ನು ಕೊಟ್ಟು, ಆಗತಾನೇ ಮಧುಮೇಹ ಬಂದಿದ್ದ ಇಲಿಗಳನ್ನು ಗುಣಪಡಿಸಿದ್ದರು. ಅದೇ ಜಾತಿಯ ಟೆಪ್ಲಿಜುಮ್ಯಾಬ್ ಔಷಧಕ್ಕೆ ಅಮೆರಿಕದ ಔಷಧ ಇಲಾಖೆ ಅನುಮತಿ ಕೊಟ್ಟದ್ದು 2022ರ ನವೆಂಬರ್‌ನಲ್ಲಿ. ನಡುವೆ 28 ವರ್ಷ, ದೊಡ್ಡ ಪ್ರಯೋಗವೊಂದರ ಸೋಲು, ಕಂಪನಿಗಳ ಕೈಬದಲು. ಇಷ್ಟೆಲ್ಲ ಆದ ಮೇಲೂ ಅದು ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಕಾಯಿಲೆ ಬರುವ ಲಕ್ಷಣ ರಕ್ತದಲ್ಲಿ ಕಂಡವರಿಗೆ ಅದನ್ನು ಎರಡು ವರ್ಷದ ಆಸುಪಾಸು ಮುಂದೂಡುತ್ತದೆ, 76 ಮಂದಿಯ ಮೇಲೆ ನಡೆದ ಪ್ರಯೋಗ ಅದನ್ನು ತೋರಿಸಿತು. ಎರಡು ವರ್ಷ ಸೂಜಿಯಿಲ್ಲದ ಬಾಲ್ಯ ಎಂದರೆ ಏನೆಂಬುದು ಆ ಮಕ್ಕಳ ತಾಯಂದಿರಿಗೆ ಗೊತ್ತು, ಅದನ್ನು ನಾನು ಕಡಿಮೆ ಮಾಡಿ ಹೇಳಲಾರೆ. 1994ರಲ್ಲೇ "ಮಧುಮೇಹಕ್ಕೆ ಮುಕ್ತಿ" ಎಂದು ಬರೆದಿದ್ದರೆ, ಆ ದಿನ ಅದನ್ನು ಓದಿದ ಮಗು 2022ರ ಹೊತ್ತಿಗೆ ಮಕ್ಕಳ ತಂದೆಯೋ ತಾಯಿಯೋ ಆಗಿರುತ್ತಿತ್ತು.

ಪ್ರತಿರಕ್ಷೆಯೇ ದೇಹದ ಹಲವು ಅಂಗಗಳ ಮೇಲೆ ಎರಗುವ ಲೂಪಸ್ ರೋಗಕ್ಕೆ ಜರ್ಮನಿಯ ಎರ್ಲಾಂಗೆನ್‌ನಲ್ಲಿ ಮಾಡಿದ ಕಾರ್–ಟಿ ಚಿಕಿತ್ಸೆಯ ವಿಷಯದಲ್ಲೂ ಹೀಗೆಯೇ. ರೋಗಿಯ ಟಿ ಕೋಶಗಳನ್ನು ಹೊರತೆಗೆದು, ತಪ್ಪು ಪ್ರತಿಕಾಯಗಳಿಗೆ ಮೂಲವಾದ ಬಿ ಕೋಶಗಳನ್ನು ಕೊಲ್ಲುವಂತೆ ತಿದ್ದಿ ವಾಪಸು ಕೊಡುತ್ತಾರೆ. 2024ರಲ್ಲಿ ಪ್ರಕಟವಾದ 15 ರೋಗಿಗಳ ವರದಿಯಲ್ಲಿ ಲೂಪಸ್ ಇದ್ದವರು 8 ಮಂದಿ, ಎಂಟೂ ಮಂದಿಯಲ್ಲಿ ರೋಗ ಅಡಗಿತ್ತು. ಅದ್ಭುತ. ಆದರೆ ಎಂಟು. ನಮ್ಮ ದೇಶದಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆ ಸೇರಿ ರೂಪಿಸಿದ ನೆಕ್ಸ್‌ಕಾರ್19 ಎಂಬ ಕಾರ್–ಟಿ ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿದ್ದು ಕೆಲವು ಬಗೆಯ ರಕ್ತದ ಕ್ಯಾನ್ಸರ್‌ಗಳಿಗೆ, ಲೂಪಸ್‌ಗಲ್ಲ. ಈ ಎರಡು ಸುದ್ದಿಗಳನ್ನು ಒಂದೇ ಪುಟದಲ್ಲಿ ಬೆರೆಸಿ ಹಾಕಿದರೆ, ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗಿ ಬೇಸತ್ತ ಹೆಣ್ಣುಮಗಳೊಬ್ಬಳು ಮನೆ ಅಡವಿಡಲು ಸಿದ್ಧವಾದರೆ ಆಶ್ಚರ್ಯವೇನು?

ಇಂಧನದ ಸುದ್ದಿಗಳಿಗೆ ಬರುತ್ತೇನೆ. 2025ರಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಂಡವೊಂದು ಆರು ನಿಮಿಷಗಳಲ್ಲಿ ಶೇ 80ರಷ್ಟು ಚಾರ್ಜ್ ಆಗುವ, 3,000ಕ್ಕೂ ಹೆಚ್ಚು ಬಾರಿ ಚಾರ್ಜ್ ಮಾಡಬಹುದಾದ ಸೋಡಿಯಂ ಅಯಾನ್ ಬ್ಯಾಟರಿಯನ್ನು ರೂಪಿಸಿತು. ಸೋಡಿಯಂ ನಮ್ಮಲ್ಲಿ ಬೇಕಾದಷ್ಟಿದೆ, ಲಿಥಿಯಂ ಇಲ್ಲ. ಆದ್ದರಿಂದ ಇದು ಕನ್ನಡದ ಮುಖಪುಟಕ್ಕೆ ತಕ್ಕ ಸುದ್ದಿ. ಮೂರು ಉಪಾಯಗಳಿಂದ ಅವರು ಈ ವೇಗ ಸಾಧಿಸಿದರು: ಆನೋಡ್ (ಬ್ಯಾಟರಿಯ ಋಣ ವಿದ್ಯುದ್ವಾರ) ವಸ್ತುವಿನ ಕಣಗಳನ್ನು ನ್ಯಾನೊ ಗಾತ್ರಕ್ಕೆ ಇಳಿಸಿದರು, ಅವುಗಳ ಮೇಲೆ ಇಂಗಾಲದ ತೆಳುಹೊದಿಕೆ ಕೊಟ್ಟರು, ಸ್ವಲ್ಪ ಅಲ್ಯೂಮಿನಿಯಂ ಸೇರಿಸಿದರು. ಸೋಡಿಯಂ ಅಯಾನುಗಳು ಸಲೀಸಾಗಿ ಓಡಾಡುವಂತಾಯಿತು. ಇದನ್ನು ಬರೆದವರು ಕಡಿಮೆ. ಇನ್ನು ಆರೇ ನಿಮಿಷದಲ್ಲಿ ನಿಮ್ಮ ಸ್ಕೂಟರ್ ಚಾರ್ಜ್ ಎಂದವರು ಹೆಚ್ಚು. ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರು ಅದನ್ನು ನಂಬಿ ವಿದ್ಯುತ್ ಸ್ಕೂಟರ್ ಕೊಳ್ಳುವುದನ್ನು ಮುಂದೂಡಿದರು. ಇಂದು ನಮ್ಮೆಲ್ಲರ ಮೊಬೈಲಿನಲ್ಲಿರುವ ಲಿಥಿಯಂ ಅಯಾನ್ ಬ್ಯಾಟರಿಯ ಚರಿತ್ರೆಯೇನು? ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಅವರ ಕೆಲಸ 1970ರ ದಶಕದ್ದು, ಜಾನ್ ಗುಡ್‌ಇನಫ್ ಅವರ ಕೋಬಾಲ್ಟ್ ಆಕ್ಸೈಡ್ ವಿದ್ಯುದ್ವಾರ 1980ರದ್ದು, ಅಕಿರಾ ಯೋಶಿನೊ ಅವರ ಮಾದರಿ 1985ರದ್ದು. ಸೋನಿ ಕಂಪನಿ ಅದನ್ನು ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಒಳ್ಳೆಯ ವಸ್ತುವೊಂದು ಸಿಕ್ಕ ಮೇಲೂ ಅದನ್ನು ಟನ್‌ಗಟ್ಟಲೆ, ಒಂದೇ ಗುಣಮಟ್ಟದಲ್ಲಿ, ಬೆಂಕಿ ಹೊತ್ತದಂತೆ, ಕೈಗೆಟಕುವ ಬೆಲೆಯಲ್ಲಿ ತಯಾರಿಸುವುದಕ್ಕೆ ಅಷ್ಟು ವರ್ಷ ಹಿಡಿಯುತ್ತದೆ.

ಮಂಡ್ಯದ ಲಿಥಿಯಂ ನಿಮಗೆ ನೆನಪಿರಬೇಕು. 2020ರ ಫೆಬ್ರುವರಿಯಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ–ಅಲ್ಲಾಪಟ್ಟಣ ಭಾಗದಲ್ಲಿ 14,100 ಟನ್ ಲಿಥಿಯಂ ಇದೆಯೆಂಬ ಅಂದಾಜು ದೇಶವಿಡೀ ಸುದ್ದಿಯಾಯಿತು. ನಿಧಿ ಸಿಕ್ಕಂತೆ ವಾಹಿನಿಗಳು ಸಂಭ್ರಮಿಸಿದವು. ಮುಂದೆ ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಕೊಟ್ಟ ಅಂಕಿ 1,600 ಟನ್, ಅದೂ ಪ್ರಾಥಮಿಕ ಸಮೀಕ್ಷೆಯ ಅಂದಾಜು. ಈ ಎರಡನೆಯ ಅಂಕಿಯನ್ನು ನನ್ನ ತರಗತಿಯಲ್ಲಿ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ, ಮೊದಲನೆಯದು ಕೆಲವರಿಗೆ ಗೊತ್ತು. 2023ರ ಫೆಬ್ರುವರಿಯಲ್ಲಿ ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಎಂಬ ಸುದ್ದಿ ಬಂತು. ಅದೂ ಅಂಥದೇ ಆರಂಭಿಕ ಅಂದಾಜು. ಗಣಿಯನ್ನು ಹರಾಜಿಗಿಟ್ಟಾಗ ಸಾಕಷ್ಟು ಬಿಡ್‌ದಾರರು ಬಾರದೆ 2024ರಲ್ಲಿ ಹರಾಜು ರದ್ದಾಯಿತು. ಹೊಲದಲ್ಲಿ ರಾಗಿ ತೆನೆಬಿಟ್ಟದ್ದನ್ನು ನೋಡಿ ಕಣಜ ತುಂಬಿತೆಂದು ಯಾವ ರೈತನೂ ಲೆಕ್ಕ ಬರೆಯುವುದಿಲ್ಲ. ಭೂವಿಜ್ಞಾನಿಗಳೂ ಹಾಗೆ ಬರೆಯುವುದಿಲ್ಲ, ಪ್ರತಿ ಅಂಕಿಯ ಪಕ್ಕದಲ್ಲೂ ಅದು ಎಷ್ಟು ಖಚಿತ ಎಂಬ ದರ್ಜೆಯನ್ನು ನಮೂದಿಸುತ್ತಾರೆ. ಸುದ್ದಿಯಲ್ಲಿ ಅಂಕಿ ಉಳಿಯುತ್ತದೆ, ದರ್ಜೆ ಉದುರಿಹೋಗುತ್ತದೆ.

2023ರ ಜುಲೈನಲ್ಲಿ ದಕ್ಷಿಣ ಕೊರಿಯಾದಿಂದ ಬಂದ ಎಲ್‌ಕೆ–99ರ ಗದ್ದಲವನ್ನು ಹೆಚ್ಚು ವಿವರಿಸುವುದಿಲ್ಲ. ಕೋಣೆಯ ತಾಪಮಾನದಲ್ಲೇ ವಿದ್ಯುತ್ತನ್ನು ನಷ್ಟವಿಲ್ಲದೆ ಹರಿಸುವ ವಸ್ತು ಎಂದು ಹೇಳಿದ್ದರು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಸೇರಿದಂತೆ ಹಲವರು ಅದನ್ನು ತಯಾರಿಸಿ ನೋಡಿದರು. ಅದು ಅತಿವಾಹಕವಲ್ಲ, ಅದರಲ್ಲಿ ಬೆರೆತಿದ್ದ ತಾಮ್ರದ ಸಲ್ಫೈಡ್‌ನ ಚೇಷ್ಟೆ ಎಂಬುದು ಆಗಸ್ಟ್ ಮುಗಿಯುವುದರೊಳಗೆ ಸ್ಪಷ್ಟವಾಯಿತು. ಬೇರೆ ವಿಜ್ಞಾನಿಗಳು ಪರಿಶೀಲಿಸುವ ಮುನ್ನವೇ ಲೇಖಕರು ತಾವಾಗಿ ಹೊರಬಿಟ್ಟ ಕರಡು ಅದು. ಅಷ್ಟನ್ನು ಮೊದಲ ದಿನವೇ ಬರೆಯಬಹುದಿತ್ತು.

ಇದೆಲ್ಲ ನಿಮ್ಮೊಬ್ಬರ ತಪ್ಪೆಂದು ನಾನು ಹೇಳಲಾರೆ. ರಾತ್ರಿ ಒಂಬತ್ತರ ಹೊತ್ತಿಗೆ ಸುದ್ದಿಸಂಸ್ಥೆಯ ಇಂಗ್ಲಿಷ್ ಪ್ರತಿ ಬರುತ್ತದೆ. ಅದನ್ನು ಅನುವಾದಿಸುವ ಉಪಸಂಪಾದಕರ ಮುಂದೆ ಜಿಲ್ಲಾ ಪಂಚಾಯಿತಿಯ ಗಲಾಟೆ, ಅಪಘಾತ, ಕ್ರಿಕೆಟ್ ಎಲ್ಲವೂ ರಾಶಿ ಬಿದ್ದಿರುತ್ತವೆ. ಉತ್ಪ್ರೇಕ್ಷೆ ಎಷ್ಟೋ ಸಲ ಸಂಶೋಧನಾ ಸಂಸ್ಥೆಯ ಪತ್ರಿಕಾ ಪ್ರಕಟಣೆಯಲ್ಲೇ ಹುಟ್ಟಿರುತ್ತದೆ. ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳ 462 ಪತ್ರಿಕಾ ಪ್ರಕಟಣೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿತ್ತು. ಪ್ರಾಣಿಗಳ ಮೇಲಿನ ಸಂಶೋಧನೆಯ ಪ್ರಕಟಣೆಗಳಲ್ಲಿ, ಅಲ್ಲಿ ಕಂಡದ್ದನ್ನು ಮನುಷ್ಯರಿಗೆ ಹಿಗ್ಗಿಸಿ ಹೇಳಿದವು ಶೇ 36. ಪ್ರಕಟಣೆಯೇ ಹಿಗ್ಗಿಸಿದ್ದಾಗ ಪತ್ರಿಕಾ ವರದಿಗಳಲ್ಲಿ ಶೇ 86 ಅದನ್ನೇ ಮಾಡಿದವು. ಪ್ರಕಟಣೆ ನೇರವಾಗಿದ್ದಾಗ ಹಿಗ್ಗಿಸಿದ ವರದಿಗಳು ಶೇ 10 ಮಾತ್ರ. ಅದೇ ಅಧ್ಯಯನದ ಇನ್ನೊಂದು ಮಾತನ್ನು ನೀವು ಗಮನಿಸಬೇಕು: ಹಿಗ್ಗಿಸಿ ಹೇಳಿದ ಪ್ರಕಟಣೆಗಳಿಗೆ ಹೆಚ್ಚು ಪ್ರಚಾರ ಸಿಕ್ಕಿತೆನ್ನಲು ಆಧಾರ ಸಿಗಲಿಲ್ಲ. ಸತ್ಯ ಹೇಳಿದರೆ ಓದುಗರು ಕೈತಪ್ಪುತ್ತಾರೆ ಎಂಬ ಭಯಕ್ಕೆ ಬುನಾದಿಯೇ ಇಲ್ಲವೆಂದಾಯಿತು.

ಬೆಂಗಳೂರಿನಲ್ಲಿರುವಷ್ಟು ಸಂಶೋಧನಾಲಯಗಳು ದೇಶದ ಬೇರೆ ನಗರಗಳಲ್ಲಿ ಸಿಗುವುದು ಕಷ್ಟ. ಅಲ್ಲಿ ಕೆಲಸ ಮಾಡುವ ಕನ್ನಡ ಬಲ್ಲ ಯುವ ಸಂಶೋಧಕರಿಗೆ ರಾತ್ರಿ ಒಂದು ಫೋನ್ ಮಾಡಿದರೆ "ಇದು ಇಲಿಯದ್ದೇ, ಮನುಷ್ಯರದ್ದೇ" ಎಂದು ಐದು ನಿಮಿಷದಲ್ಲಿ ಹೇಳಿಬಿಡುತ್ತಾರೆ. ಅಂಥವರ ಪಟ್ಟಿಯೊಂದನ್ನು ಪ್ರತಿ ಸಂಪಾದಕೀಯ ವಿಭಾಗವೂ ಇಟ್ಟುಕೊಳ್ಳಬಹುದು. "ಸಂಜೀವಿನಿ", "ರಾಮಬಾಣ", "ಮುಕ್ತಿ" ಎಂಬ ಪದಗಳನ್ನು ರೋಗದ ಸುದ್ದಿಯ ತಲೆಬರಹದಿಂದ ದೂರವಿಡಿ. ವಾಹಿನಿಗಳ ಪರದೆಯ ಕೆಳಗೆ ಓಡುವ ಒಂದು ಸಾಲಿನಲ್ಲೂ "ಇಲಿಗಳಲ್ಲಿ" ಎಂಬ ಪದಕ್ಕೆ ಜಾಗವಿದೆ. ದೊಡ್ಡದಾಗಿ ಪ್ರಕಟಿಸಿದ ಸಂಶೋಧನೆಗೆ ಒಂದು ವರ್ಷದ ನಂತರ ಮತ್ತೆ ಮರಳಿ, ಅದು ಎಲ್ಲಿಗೆ ಬಂತೆಂದು ಅದೇ ಪುಟದಲ್ಲಿ ಬರೆಯಿರಿ. ಸೋತಿದ್ದರೂ ಬರೆಯಿರಿ, ಏಕೆ ಸೋತಿತು ಎಂಬುದನ್ನು ಓದಿಯೇ ನನ್ನ ವಿದ್ಯಾರ್ಥಿಗಳು ಹೆಚ್ಚು ಕಲಿಯುತ್ತಾರೆ.

ನಮ್ಮ ಜಿಲ್ಲೆಯ ಕೆಲವು ವಿಜ್ಞಾನ ಉಪನ್ಯಾಸಕರು ಸೇರಿ ಮಾತಾಡಿಕೊಂಡಿದ್ದೇವೆ. ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ ಮೂರಕ್ಕೂ ಜನರಿದ್ದೇವೆ. ಸಂಜೆ ಏಳರಿಂದ ಹತ್ತರವರೆಗೆ ಯಾವ ಪತ್ರಿಕೆಯ ಉಪಸಂಪಾದಕರು ಕರೆ ಮಾಡಿದರೂ ಮೂಲ ಲೇಖನವನ್ನು ಓದಿ, ಅದು ಯಾವ ಹಂತದ್ದು, ಎಷ್ಟು ಜನರ ಮೇಲೆ ನಡೆದದ್ದು, ಎಲ್ಲಿ ಪ್ರಕಟವಾದದ್ದು ಎಂಬುದನ್ನು ಎರಡು ಸಾಲಿನಲ್ಲಿ ಕನ್ನಡದಲ್ಲೇ ಬರೆದು ಕಳಿಸುತ್ತೇವೆ. ಹಣ ಬೇಡ, ಹೆಸರು ಹಾಕುವುದೂ ಬೇಡ. ಈ ಪತ್ರದೊಂದಿಗೆ ನಮ್ಮ ದೂರವಾಣಿ ಸಂಖ್ಯೆಗಳ ಪಟ್ಟಿಯನ್ನು ನಿಮ್ಮ ಕಚೇರಿಗಳಿಗೆ ಪ್ರತ್ಯೇಕವಾಗಿ ಅಂಚೆಯಲ್ಲಿ ಕಳಿಸಿದ್ದೇನೆ. ಮುಂದಿನ ಸೋಮವಾರದಿಂದಲೇ ಕರೆ ಮಾಡಬಹುದು.

ಇತಿ ತಮ್ಮ ವಿಶ್ವಾಸಿ,
ಜೀವಶಾಸ್ತ್ರ ಉಪನ್ಯಾಸಕಿ,
ದಾವಣಗೆರೆ